ಮುಳ್ಳುಗಳು ಮಲಗಿದ ಪ್ರಕರಣ

ಮೂವತ್ತೊಂದು ವರ್ಷ ವರದಿಗಾರನಾಗಿ ದುಡಿದವನಿಗೆ ಒಂದು ಕಾರಿನ ಬಾಯಿ ಬಿಡಿಸುವುದು ಎಷ್ಟರ ಕೆಲಸ! ತುಟಿ ಬಿಚ್ಚದ ಇಂಜಿನಿಯರುಗಳಿಂದ ಹೇಳಿಕೆ ಪಡೆದಿದ್ದೇನೆ. 'ಸಾಹೇಬರು ಊರಾಗಿಲ್ಲ' ಎನ್ನಿಸಿದ ಗುತ್ತಿಗೆದಾರನನ್ನು ಅವನ ಹಿತ್ತಿಲಲ್ಲೇ ಮಾತಾಡಿಸಿದ್ದೇನೆ. ಹಾಗಾಗಿ ಆ ಶುಕ್ರವಾರ ಬೆಳಿಗ್ಗೆ, ಧಾರವಾಡದ ನಮ್ಮ ಮನೆಯ ಮುಂದೆ ಬೇವಿನ ಮರದ ಕೆಳಗೆ ನಿಂತಿದ್ದ ಕಾರಿನ ಬಾನೆಟ್ ಮೇಲೆ ಕೈಯಿಟ್ಟು ಘೋಷಿಸಿದೆ:

"ಮೆಕ್ಯಾನಿಕ್ ಬ್ಯಾಡ. ಸಂಜಿಯೊಳಗ ತಪ್ಪಿತಸ್ಥ ಯಾರು ಅಂತ ನಾನ ಹಿಡದು ಕೊಡ್ತೇನಿ!"

"ಹಿಡೀರಿ," ಎಂದಳು ಹೆಂಡತಿ ಚಿನ್ಮಯೀ. "ಆದ್ರ ನನ್ನ ಹೆಸರು ಬಿಟ್ಟು ಬ್ಯಾರೆ ಯಾರದರ ಹೆಸರು ಹುಡುಕ್ರಿ."

ಘಟನೆಯ ಹಿನ್ನೆಲೆ ಇಷ್ಟು. ಚಿನ್ಮಯೀ ಐವತ್ತೆರಡನೇ ವಯಸ್ಸಿನಲ್ಲಿ ಡ್ರೈವಿಂಗ್ ಲೈಸೆನ್ಸ್ ಪಡೆದಿದ್ದಳು. ಭಾನುವಾರ ತಾನೇ ಗಾಡಿ ನಡೆಸಿಕೊಂಡು ಹೆಬ್ಬಳ್ಳಿಯಲ್ಲಿರುವ ಅಕ್ಕನ ಮನೆಗೆ ಹೋಗುವುದೆಂದು ನಿಶ್ಚಯವಾಗಿತ್ತು. ಅಕ್ಕ ಅಂಬಾಬಾಯಿ ಈ ಸುದ್ದಿಯನ್ನು ನಮ್ಮ ಪತ್ರಿಕೆಗಿಂತ ವೇಗವಾಗಿ ಇಡೀ ಓಣಿಗೆ ಮುಟ್ಟಿಸಿದ್ದರು. ನಾನೋ ವರದಿಯೊಂದರ ಸಲುವಾಗಿ ಐದು ದಿನ ಹೊರಗಿದ್ದೆ. ಗುರುವಾರ ಆಕೆ ಅಭ್ಯಾಸಕ್ಕೆಂದು ಗಾಡಿ ತೆಗೆದವಳು ಫೋನ್ ಮಾಡಿದಳು.

"ರೀ, ಮುಂದಿನ ಮುಳ್ಳು ಎಲ್ಲಾ ಮಲಗಿಬಿಟ್ಟಾವ! ಗಾಡಿ ಓಡ್ತದ, ಎಷ್ಟು ಜೋರು ಓಡ್ತದ ಅಂತ ಹೇಳಲೊಲ್ಲದು."

ವೇಗದ ಮುಳ್ಳು ಸೊನ್ನೆಯಲ್ಲಿ. ಪೆಟ್ರೋಲಿನ ಮುಳ್ಳು ಸೊನ್ನೆಯಲ್ಲಿ. ಎರಡು ಮೂಲಗಳಿಂದ ಖಚಿತವಾಗದೆ ಒಂದು ಸಾಲೂ ಬರೆಯದ ನಾನು, ಅಲ್ಲಿಂದಲೇ ಫೋನಿನಲ್ಲಿ ತೀರ್ಪು ಕೊಟ್ಟೆ: "ನೀ ಏನರ ಒತ್ತಿರಬೇಕು."

ರಾತ್ರಿ ಮನೆಗೆ ಬಂದವನು ತೀರ್ಪಿಗೆ ಶಿಕ್ಷೆಯನ್ನೂ ಸೇರಿಸಿದೆ. ದೋಷ ಸಿಗುವವರೆಗೆ ಆಕೆ ಗಾಡಿ ಮುಟ್ಟಬಾರದು, ಹೆಬ್ಬಳ್ಳಿಗೆ ಬಸ್ಸಿನಲ್ಲಿ ಹೋಗೋಣ. ಚಿನ್ಮಯೀ ಕೂಗಾಡಲಿಲ್ಲ. ಕಾರಿನ ಕೀಲಿಯನ್ನು ತನ್ನ ಪರ್ಸಿಗೆ ಹಾಕಿ ಜಿಪ್ ಎಳೆದಳು.

"ನಾ ಕೆಡಸಿದ್ದು ಖರೇ ಆದ್ರ ಮತ್ತ ಸ್ಟೇರಿಂಗ್ ಮುಟ್ಟೂದಿಲ್ಲ. ಅಲ್ಲ ಅಂತಾತು ಅಂದ್ರ ನೀವು ನನ್ನ ಬಾಜೂ ಕೂಡಬೇಕು, ಹೆಬ್ಬಳ್ಳಿ ಮುಟ್ಟೂತನಕ ಬಾಯಿ ತಗೀಬಾರದು. ಆಗಬಹುದ?"

"ಆಗಬಹುದು," ಎಂದೆ. ಗೆಲ್ಲುವವನಿಗೆ ಷರತ್ತಿನ ಭಯವೇ?

ಮೊದಲ ಶಂಕಿತ ಬ್ಯಾಟರಿ. ಅದರ ತಂತಿ ಬಿಚ್ಚಿ ಹತ್ತು ನಿಮಿಷ ಬಿಟ್ಟು ಜೋಡಿಸಿದರೆ ಗಾಡಿ ಹೊಸದಾಗಿ ಹುಟ್ಟಿದಂತಾಗುತ್ತದೆ ಎಂದು ಯಾವುದೋ ವಿಡಿಯೊದಲ್ಲಿ ಹೇಳಿದ್ದರು. ಜೋಡಿಸಿದೆ. ಹುಟ್ಟಿತು! ಹುಟ್ಟಿದ ಕೂಡಲೇ ಅಳತೊಡಗಿತು. ಕಳ್ಳರನ್ನು ಹೆದರಿಸುವ ಸೈರನ್ ಇಡೀ ಬಡಾವಣೆಗೆ ಕೇಳುವಂತೆ ಹೊಡೆದುಕೊಂಡಿತು. ಎದುರು ಮನೆಯ ನಿವೃತ್ತ ಪಿ.ಟಿ. ಮಾಸ್ತರ ದುರಗಪ್ಪ ಬನಿಯನ್ನಿನಲ್ಲೇ ಓಡಿ ಬಂದರು.

"ಸರ, ಗಾಡಿ ಯಾರರ ಕದಿಯಾಕತ್ತಾರೇನ್ರಿ?"

"ಇಲ್ಲರಿ, ನಾನ ರಿಪೇರಿ ಮಾಡ್ಲಿಕತ್ತೇನಿ."

"ಹಂಗಂತ ಹೇಳ್ರಿ ಮತ್ತ. ಅದಕ್ಕ ಒದರಾಕತ್ತೈತಿ!"

ಚಿನ್ಮಯೀ ಪರ್ಸಿನಿಂದ ಕೀಲಿ ತೆಗೆದು ಗುಂಡಿ ಒತ್ತಿ ಸೈರನ್ ಬಾಯಿ ಮುಚ್ಚಿಸಿದಳು. ಕೀಲಿ ಮತ್ತೆ ಪರ್ಸಿಗೆ ಹೋಯಿತು.

ಮಧ್ಯಾಹ್ನ ನಾನು ವೈಜ್ಞಾನಿಕ ಮಾರ್ಗ ಹಿಡಿದೆ. ಪೇಟೆಯಿಂದ ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಸ್ಕ್ಯಾನರ್ ತಂದೆ. ಸ್ಟೇರಿಂಗ್ ಕೆಳಗಿನ ಪ್ಲಗ್ಗಿಗೆ ಅದನ್ನು ಚುಚ್ಚಿದರೆ ಗಾಡಿ ತನ್ನ ಕಷ್ಟವನ್ನು ನಮ್ಮ ಫೋನಿಗೆ ಹೇಳಿಕೊಳ್ಳುತ್ತದೆ. ಚಿನ್ಮಯೀ ಟಾರ್ಚ್ ಹಿಡಿದು ಬೆಳಕು ಬಿಟ್ಟಳು. ನಾನು ಕಾಲು ರಸ್ತೆಗೂ ತಲೆ ಬ್ರೇಕಿನ ಪೆಡಲಿಗೂ ಬರುವಂತೆ ಮಲಗಿ ಚುಚ್ಚಿದೆ. ಫೋನಿನಲ್ಲಿ ಕೆಂಪು ಸಾಲೊಂದು ಮೂಡಿತು.

"ಏನಂತದ?"

"ಇಂಜಿನ್ನಿಗೂ ಮೀಟರಿಗೂ ಮಾತು ಬಂದ್ ಆಗ್ಯಾವಂತ."

"ನಿನ್ನೆ ರಾತ್ರಿಯಿಂದ ನಮ್ಮನ್ಯಾಗೂ ಹಂಗ ಅದ. ಅದನ್ನ ಹೇಳ್ಲಿಕ್ಕೆ ಮಷೀನ್ ಬೇಕಾಗಿರಲಿಲ್ಲ." ಬೆಳಕನ್ನು ಸ್ವಲ್ಪ ಎಡಕ್ಕೆ ಸರಿಸಿದಳು. "ಆ ಪ್ಲಗ್ಗಿನ ಬಾಜೂ ಒಂದು ಮುಚ್ಚಳ ಅದ ನೋಡ್ರಿ. ತಗೀರಿ ಅದನ್ನ."

"ಅದಕ್ಕೂ ಇದಕ್ಕೂ ಸಂಬಂಧ ಇಲ್ಲ."

"ನೋಡದನ?"

"ಅನುಭವದಿಂದ ಹೇಳ್ಲಿಕತ್ತೇನಿ!"

ಓದುಗರಿಗೆ ಇನ್ನು ಮುಚ್ಚಿಡುವುದು ಸರಿಯಲ್ಲ. ಆ ಮುಚ್ಚಳದ ಹಿಂದೆ ಶೇಂಗಾ ಹೋಳಿಗೆಗಳಿದ್ದವು.

ಮೂರು ತಿಂಗಳ ಹಿಂದೆ ಸತ್ತೂರಿನ ಡಾಕ್ಟರು ನನ್ನ ರಕ್ತದ ವರದಿ ನೋಡಿ, ಸಿಹಿ ಪೂರ್ತಿ ಬಂದ್ ಎಂದಿದ್ದರು. ನಾನು ಒಪ್ಪಿದ್ದೆ. ಒಪ್ಪಿದ್ದಷ್ಟೇ ಅಲ್ಲ, ಫೋಟೋ ಸಮೇತ ಅರ್ಧ ಪುಟದ ಲೇಖನ ಬರೆದಿದ್ದೆ: 'ಸಕ್ಕರೆ ಕಾಯಿಲೆಗೆ ಶಿಸ್ತೇ ಮದ್ದು'. ಆದರೆ ಅಂಬಾಬಾಯಿಯವರಿಂದ ತಿಂಗಳಿಗೊಮ್ಮೆ ಬರುವ ಶೇಂಗಾ ಹೋಳಿಗೆಯ ಡಬ್ಬಿಗೆ ಈ ಲೇಖನ ಓದಲು ಬರುತ್ತಿರಲಿಲ್ಲ. "ಆಫೀಸಿನವರಿಗೆ ಕೊಟ್ಟು ಬರ್ರಿ," ಎನ್ನುತ್ತಿದ್ದಳು ಚಿನ್ಮಯೀ. ಸಂಜೆ ಬಂದು ನಾನು ವರದಿ ಒಪ್ಪಿಸುತ್ತಿದ್ದೆ: "ಎಲ್ಲಾರೂ ಭಾಳ ಹೊಗಳಿದ್ರು. ಅಕ್ಕಾರ ಕೈ ಅಂದ್ರ ಕೈ ಅಂದ್ರು." ಮೂವತ್ತೊಂದು ವರ್ಷದಲ್ಲಿ ನಾನು ಕಟ್ಟಿ ಬರೆದ ಸುದ್ದಿ ಅದೊಂದೇ. ಆಫೀಸಿನವರು ಆ ಹೋಳಿಗೆಯ ವಾಸನೆಯನ್ನೂ ಕಂಡಿರಲಿಲ್ಲ!

ಶೇಂಗಾ ಹೋಳಿಗೆ ವಾರಗಟ್ಟಲೆ ಕೆಡುವುದಿಲ್ಲ. ಬಚ್ಚಿಡುವವನಿಗೆ ಇದಕ್ಕಿಂತ ಸಹಕಾರಿಯಾದ ತಿಂಡಿ ಜಗತ್ತಿನಲ್ಲಿಲ್ಲ. ಮುಚ್ಚಳದ ಹಿಂದೆ ಫ್ಯೂಜುಗಳ ಪಕ್ಕ ಎಂಟು ಹೋಳಿಗೆ ಹಿಡಿಯುವಷ್ಟು ಸಂದು ಇದೆ. ಡಬ್ಬಿ ಇಟ್ಟರೆ ರಸ್ತೆಯ ಉಬ್ಬಿನಲ್ಲಿ ಕಟಕಟ ಎನ್ನುತ್ತದೆಂದು ಕಾಗದದಲ್ಲಿ ಸುತ್ತಿ ಇಡುತ್ತಿದ್ದೆ. ಆಫೀಸಿನ ದಾರಿಯಲ್ಲಿ ದಿನಕ್ಕೊಂದು. ಹೀಗಾಗಿ ಗಾಡಿಯನ್ನೆಲ್ಲ ತಪಾಸಣೆ ಮಾಡಿ ಅದೊಂದು ಮುಚ್ಚಳವನ್ನು ಬಿಟ್ಟಿದ್ದಕ್ಕೆ ವೃತ್ತಿಪರ ಕಾರಣವಿತ್ತು. ನಮ್ಮಲ್ಲಿ ಅದಕ್ಕೆ ಮೂಲದ ಗೋಪ್ಯತೆ ಕಾಪಾಡುವುದು ಎನ್ನುತ್ತಾರೆ.

ಸಂಜೆ ಒಂದು ಪ್ರಯತ್ನ ಮಾಡಿದೆ. "ಕೀಲಿ ಕೊಡು, ನನ್ನ ನೀರಿನ ಬಾಟ್ಲಿ ಗಾಡ್ಯಾಗ ಉಳದದ."

"ಕೂಡ್ರಿ, ನಾ ತರ್ತೇನಿ," ಎಂದು ಹೋಗಿ ತಂದೇ ಬಿಟ್ಟಳು. ಪತಿಸೇವೆ ಇಷ್ಟು ದುಬಾರಿ ಎನಿಸಿದ್ದು ಅಂದೇ.

ತಪ್ಪಿತಸ್ಥ ಸಿಗದೆ ಶುಕ್ರವಾರ ಮುಗಿಯಿತು. ಶನಿವಾರ ಬೆಳಿಗ್ಗೆ ಸೋಲೊಪ್ಪಿ, "ಹುಬ್ಬಳ್ಳಿಗೆ ಮುಸ್ಕಾನ್ ಕಡೆ ಒಯ್ದು ಬರ್ತೇನಿ. ನೀ ಯಾಕ ಬಿಸಿಲಾಗ..." ಎಂದು ರಾಗ ತೆಗೆದೆ.

"ಬರ್ತೇನಿ. ನಾ ಏನು ಕೆಡಸೇನಿ ಅಂತ ನಾನೂ ನೋಡಬೇಕಲ್ಲ."

ಮುಸ್ಕಾನಳ ತಂದೆ ಖಾದರಬಾಷಾ ನನ್ನ ಮೊದಲ ಸ್ಕೂಟರಿನ ವೈರಿಂಗ್ ಮಾಡಿದವರು. ಈಗ ಅದೇ ಅಂಗಡಿಯಲ್ಲಿ ಮಗಳು ಕಾರುಗಳ ವಿದ್ಯುತ್ ಕೆಲಸ ಮಾಡುತ್ತಾಳೆ. ವೇಗ ಎಷ್ಟೆಂದು ತಿಳಿಯದ್ದರಿಂದ ಒಂದು ಆಟೋದ ಬೆನ್ನು ಹಿಡಿದು ಅದು ಹೋದಂತೆ ಹೋಗಿ ಅಲ್ಲಿ ಮುಟ್ಟಿದೆವು.

"ಕಾಕಾ, ನೀವು ಏನೇನ ಬಿಚ್ಚೀರಿ? ಪೂರ್ತಿ ಹೇಳಿಬಿಡ್ರಿ. ಮುಚ್ಚಿಟ್ರ ನನಗ ಎರಡ ಪಟ್ಟು ಕೆಲಸ," ಎಂದಳು ಮುಸ್ಕಾನ್.

"ಮುಚ್ಚಿಡೂ ಮನಷ್ಯಾ ಅಲ್ಲವಾ ಇವರು," ಎಂದು ಚಿನ್ಮಯೀ ನನ್ನ ಪರ ನಿಂತಳು. "ಮೂರು ತಿಂಗಳಾತು, ಡಾಕ್ಟರ ಮಾತಿಗೆ ಒಂದು ಚೂರು ಸಿಹಿ ಮುಟ್ಟಿಲ್ಲ."

ನಾನು ಕೆಮ್ಮಿದೆ.

ಮುಸ್ಕಾನ್ ಪ್ಲಗ್ಗಿಗೆ ಎರಡು ಕಡ್ಡಿ ತಾಗಿಸಿ ಕೈಯಲ್ಲಿದ್ದ ಮೀಟರ್ ನೋಡಿದಳು. "ತಂತಿ ಸರಿ ಇದ್ರ ಅರವತ್ತು ಓಮ್ ಬರಬೇಕಿತ್ತು, ನೂರಾ ಇಪ್ಪತ್ತು ತೋರಸಾಕತ್ತೈತಿ. ನಡಕ ಎಲ್ಲೋ ತಂತಿ ಕಡದೈತಿ. ಕಾಕು, ಇದರಾಗ ಒತ್ತಿ ಕೆಡಸೂದು ಏನೂ ಇಲ್ಲರಿ. ನಿಮ್ಮಿಂದ ಆಗಿಲ್ಲ."

ಚಿನ್ಮಯೀ ನನ್ನನ್ನು ನೋಡಿದಳು. ಅಲ್ಲಿಗೇ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು!

"ಈ ಮುಚ್ಚಳ ತಗೀಬೇಕು," ಎಂದಳು ಮುಸ್ಕಾನ್.

"ಮ್ಯಾಲಿಂದ ಬಿಚ್ಚಿದ್ರ ಆಗೂದಿಲ್ಲೇನವಾ?"

"ತಂತಿ ಇಲ್ಲಿ ಐತ್ರಿ ಕಾಕಾ, ಮ್ಯಾಲೆ ಯಾಕ ಬಿಚ್ಚಲಿ?"

ಟಕ್ ಎಂದು ಮುಚ್ಚಳ ಬಂತು. ಮೊದಲು ಉದುರಿದ್ದು ಹತ್ತಿಯಂತೆ ಚಿಂದಿಯಾದ ಕಾಗದ. ಆಮೇಲೆ ಶೇಂಗಾ ಹೂರಣದ ಪುಡಿ. ಅದರ ಹಿಂದೆ ಒಂದಕ್ಕೊಂದು ಹೆಣೆದುಕೊಂಡಿದ್ದ ಎರಡು ತಂತಿ, ಎರಡೂ ನಡುವೆ ಕಡಿದು ತಾಮ್ರ ತೋರಿಸುತ್ತಿದ್ದವು.

"ಇಲಿ!" ಎಂದಳು ಮುಸ್ಕಾನ್. "ಇಂಜಿನ್ನು, ಮೀಟರು ಮಾತಾಡೂದು ಈ ಜೋಡಿ ತಂತ್ಯಾಗ. ಇದನ್ನ ಕಡದೈತಿ." ಚಿಂದಿಯ ನಡುವಿನಿಂದ ಅಂಗೈಯಗಲದ, ಎಣ್ಣೆ ಹೀರಿದ ಒಂದು ತುಂಡು ಎತ್ತಿದಳು. "ಕಾಕಾ, ಈ ಫೋಟೋ ನಿಮ್ಮದಲ್ಲಾ?"

ನನ್ನದೇ. ಕೆಳಗೆ ನನ್ನ ಹೆಸರು, ತ್ರ್ಯಂಬಕ. ಮೇಲೆ ಇಲಿ ಉಳಿಸಿದ್ದ ಅರ್ಧ ತಲೆಬರಹ: 'ಶಿಸ್ತೇ ಮದ್ದು'.

ಚಿನ್ಮಯೀ ಆ ತುಂಡನ್ನು ಇಸಿದುಕೊಂಡು ಮೂಸಿದಳು. "ಎಳ್ಳು, ಬೆಲ್ಲ, ಏಲಕ್ಕಿ. ಇದು ನಮ್ಮಕ್ಕನ ಕೈಯಾನ ಹೋಳಗಿ."

"ಇಲಿ ಎಲ್ಲಿಂದರ ತಂದಿರಬೇಕು," ಎಂದೆ.

"ಹೌದ? ಹೆಬ್ಬಳ್ಳಿಯಿಂದ? ನಿಮ್ಮ ಲೇಖನದಾಗ ಸುತ್ತಿಕೊಂಡು?"

ಮುಸ್ಕಾನ್ ತಲೆ ಬಗ್ಗಿಸಿ ಡ್ಯಾಶ್‌ಬೋರ್ಡಿನ ಕೆಳಗೆ ಹೋದಳು. ಅಲ್ಲಿಂದ ಬಹಳ ಹೊತ್ತು ಬರೀ ಕಿಸಕಿಸ ಸದ್ದು ಬರುತ್ತಿತ್ತು. ಕಡಿದ ತುದಿಗಳನ್ನು ಬೆಸೆದು, ಮತ್ತೆ ಹೆಣೆದು, ಕರಿ ಟೇಪು ಸುತ್ತಿ ಹೊರಗೆ ಬಂದಳು.

"ಕಾಕು, ನೀವ ಕೀಲಿ ತಿರುವ್ರಿ."

ಚಿನ್ಮಯೀ ಕೂತು ತಿರುವಿದಳು. ಮುಳ್ಳುಗಳೆಲ್ಲ ಒಮ್ಮೆಲೇ ಎದ್ದು, ಕೊನೆಯವರೆಗೆ ಹೋಗಿ ಆಕೆಗೆ ಸೆಲ್ಯೂಟ್ ಹೊಡೆದು ತಮ್ಮ ಜಾಗಕ್ಕೆ ಮರಳಿದವು.

ಭಾನುವಾರ ನಾನು ಬಾಜೂ ಕೂತೆ. ಷರತ್ತಿನಂತೆ ಬಾಯಿ ತೆಗೆಯಲಿಲ್ಲ. ಮುಳ್ಳು ನಲವತ್ತನ್ನು ದಾಟಲಿಲ್ಲ, ನಲವತ್ತನ್ನು ಬಿಡಲೂ ಇಲ್ಲ. ಎದುರಿಗೆ ಬಂದ ಟ್ರ್ಯಾಕ್ಟರಿಗೆ ಆಕೆ ಸೈಡ್ ಕೊಟ್ಟ ರೀತಿ ನೋಡಿ, ಹೊಗಳಬೇಕೆಂದರೂ ಷರತ್ತು ಅಡ್ಡ ಬಂತು! ಹೆಬ್ಬಳ್ಳಿಯಲ್ಲಿ ಓಣಿಯ ಹೆಂಗಸರೆಲ್ಲ ಕಟ್ಟೆಯ ಮೇಲೆ ನೆರೆದಿದ್ದರು. ಚಿನ್ಮಯೀ ಗಾಡಿ ನಿಲ್ಲಿಸಿ, ಕೀಲಿಯನ್ನು ಬೆರಳಿಗೆ ಸಿಕ್ಕಿಸಿಕೊಂಡು ಇಳಿದಳು. ಅಂಬಾಬಾಯಿ ತಂಗಿಯ ಗಲ್ಲ ಸವರಿ ನನ್ನ ಕಡೆ ತಿರುಗಿದರು.

"ತ್ರ್ಯಂಬಕರಾಯ್ರ, ಹೋದ ಸರ್ತಿ ಹೋಳಗಿ ನಿಮ್ಮ ಆಫೀಸಿನವರಿಗೆ ಸೇರಿದ್ವ?"

ಹೆಬ್ಬಳ್ಳಿ ಬಂದಾಗಿತ್ತು. ಷರತ್ತಿನ ಪ್ರಕಾರ ಈಗ ಮಾತಾಡಬಹುದಿತ್ತು. ನಾನು ಬಗ್ಗಿ ಚಪ್ಪಲಿಯ ಪಟ್ಟಿ ಸರಿಮಾಡತೊಡಗಿದೆ.

"ಒಬ್ಬಾಂವ ಅಂತೂ ಭಾರೀ ಮೆಚ್ಚಿಕೊಂಡಾನಕ್ಕ," ಎಂದಳು ಚಿನ್ಮಯೀ. "ಹೋಳಗಿ ತಿಂದು, ಸುತ್ತಿದ ಪೇಪರ್ ತಿಂದು, ಮ್ಯಾಲೆ ಎರಡು ತಂತಿನೂ ಕಡದಾನ!"

"ಅಯ್ಯ ಪಾಪ, ಎಷ್ಟು ಹಸದಿದ್ದನೋ! ಹಂಗಾದ್ರ ಈ ಸರ್ತಿ ದೊಡ್ಡ ಡಬ್ಬಿ ಕಟ್ಟತೇನಿ."

"ಕಟ್ಟು. ಆದ್ರ ಇದು ಆಫೀಸಿಗೆ ಅಲ್ಲ, ಹುಬ್ಬಳ್ಳಿ ಮುಸ್ಕಾನ್‌ಗ."

ಊಟಕ್ಕೆ ಎಲ್ಲರಿಗೂ ಹೋಳಿಗೆ, ತುಪ್ಪ. ನನ್ನ ತಟ್ಟೆಯಲ್ಲಿ ಸೌತೆಕಾಯಿ. ಮರಳುವಾಗ ಆ ದೊಡ್ಡ ಡಬ್ಬಿ ಇಡೀ ದಾರಿ ನನ್ನ ತೊಡೆಯ ಮೇಲೆಯೇ ಬೆಚ್ಚಗೆ ಕೂತಿತ್ತು. ಇಷ್ಟು ನಂಬಿಕೆ ನನ್ನ ಮೇಲೆ ಮರಳಿತೇ ಎಂದು ಕಣ್ಣು ತುಂಬಿ ಬಂದು, ಮೆಲ್ಲಗೆ ಮುಚ್ಚಳ ಸವರಿದೆ. ಸುತ್ತಲೂ ನಾಲ್ಕು ಸುತ್ತು ಟೇಪು. ಶನಿವಾರ ಮುಸ್ಕಾನ್ ತಂತಿಗೆ ಸುತ್ತಿ, ಉಳಿದದ್ದನ್ನು 'ಬೇಕಾಗತೈತಿ, ಇಟಗೋರಿ ಕಾಕು' ಎಂದು ಕೊಟ್ಟಿದ್ದ ಅದೇ ಕರಿ ಟೇಪು.