ಚಿಮ್ಮಂಡೆಗೊಂದು ಹೆಸರುಚೀಟಿ

ನನ್ನ ಹೆಂಡತಿ ನನ್ನ ಮೇಲೆ ಮುನಿಸಿಕೊಂಡದ್ದು ಒಂದು ಹುಳುವಿಗಾಗಿ ಎಂದರೆ ನೀವು ನಗುತ್ತೀರಿ. ನಗಿ. ಮೊದಲ ದಿನ ನಾನೂ ನಕ್ಕಿದ್ದೆ.

ನಾನು ಕೀಟ ಸಂಗ್ರಹಾಲಯದಲ್ಲಿ ಹೆಸರುಚೀಟಿ ಬರೆಯುವವನು. ಪಂಡಿತರು ಗೀಚಿಕೊಟ್ಟದ್ದನ್ನು ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ನಕಲು ಮಾಡುವುದಷ್ಟೇ ಕೆಲಸ. ಆದರೆ ಮನೆಯಲ್ಲಿ ನಾನೇ ಕೀಟಶಾಸ್ತ್ರ ಸಾರ್ವಭೌಮ. (ಪ್ರಜೆ ಒಬ್ಬಳೇ.)

ನಮ್ಮ ಒಲೆಯ ಹಿಂದೆ ಒಂದು ಚಿಮ್ಮಂಡೆ ಮನೆಯಳಿಯನಂತೆ ಸೇರಿಕೊಂಡಿತ್ತು. ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಕಿರ್ರ್ ಎಂದು ಶುರುಮಾಡುತ್ತಿತ್ತು. ಅವಳು ಸೌತೆಕಾಯಿ ಹೋಳು ಇಟ್ಟು, "ಏನಪ್ಪಾ ಮಹರಾಯ, ಇವತ್ತು ತಡ?" ಎಂದು ಮಾತಾಡಿಸುತ್ತಿದ್ದಳು. ನಾನು ಪತ್ರಿಕೆಯ ಮರೆಯಲ್ಲಿರುತ್ತಿದ್ದೆ.

ನಮ್ಮ ಮದುವೆಯಾದ ದಿನ ಹತ್ತಿರ ಬಂತು. ನನಗೊಂದು ದಿವ್ಯ ಯೋಚನೆ ಹೊಳೆಯಿತು. ಅವಳಿಗೆ ಇಷ್ಟವಾದ ಆ ಹುಳುವನ್ನೇ ಹಿಡಿದು, ಸಂಗ್ರಹಾಲಯದ ವಿಷದ ಶೀಶೆಗೆ ಹಾಕಿ, ಗಾಜಿನ ಪೆಟ್ಟಿಗೆಯಲ್ಲಿ ಸೂಜಿ ಚುಚ್ಚಿ ನಿಲ್ಲಿಸಿದೆ. ಕೆಳಗೆ ಗಣ, ಕುಟುಂಬ, ಜಾತಿ ಎಲ್ಲವನ್ನೂ ಬಂಗಾರದ ಶಾಯಿಯಲ್ಲಿ ಬರೆದು ಉಡುಗೊರೆ ಕೊಟ್ಟೆ.

ಅವಳು ಬಹಳ ಹೊತ್ತು ನೋಡಿದಳು. "ಅಕ್ಷರ ಚೆನ್ನಾಗಿದೆ," ಎಂದಳು. ಅಷ್ಟೆ. ಆಮೇಲೆ ನಾಲ್ಕು ದಿನ ಮಾತಿಲ್ಲ. ಸಂಜೆಯಾದರೆ ಅಡುಗೆಮನೆ ಎಷ್ಟು ನಿಶ್ಶಬ್ದವಾಗುತ್ತಿತ್ತೆಂದರೆ, ಪತ್ರಿಕೆಯ ಪುಟ ತಿರುವಿದರೂ ಯಾರೋ ಬೈದಂತೆ ಕೇಳಿಸುತ್ತಿತ್ತು.

ಐದನೆಯ ದಿನ ಸಂಗ್ರಹಾಲಯದ ಹಿಂದಿನ ಹುಲ್ಲಿನಲ್ಲಿ ಮಂಡಿಯೂರಿ ಇನ್ನೊಂದನ್ನು ಹಿಡಿದೆ. ಸುಮ್ಮನೆ ಅಲ್ಲ, ಆರಿಸಿ! ಅದರ ಬಾಲದಲ್ಲಿ ಉದ್ದನೆಯ ಕಡ್ಡಿಯೊಂದಿತ್ತು. ಪಿಟೀಲಿನ ಕಮಾನೇ ಇರಬೇಕು, ಇದು ವಿದ್ವಾಂಸ ಹುಳು ಎಂದುಕೊಂಡೆ. ಮಣ್ಣಿನ ಕುಂಡದಲ್ಲಿ ಬಿಟ್ಟು, ಜಾಲರಿ ಮುಚ್ಚಿ ಅವಳ ಮುಂದಿಟ್ಟೆ. ಸಂಜೆಯಾಯಿತು. ವಿದ್ವಾಂಸರು ಸೊಲ್ಲೆತ್ತಲಿಲ್ಲ. ಕಮಾನನ್ನು ಮಣ್ಣಿಗೆ ಚುಚ್ಚುತ್ತ ಕೂತರು.

"ರೀ, ಇದು ಹೆಣ್ಣು," ಎಂದಳು ಕೊನೆಗೆ. "ಅದು ಮೊಟ್ಟೆ ಇಡೋ ಕಡ್ಡಿ. ಪಾಪ, ಬಸುರೀನ ಎತ್ಕೊಂಡು ಬಂದಿದ್ದೀರಲ್ರೀ!"

"ಹಾಗಾದ್ರೆ ಹಾಡಲ್ವಾ?"

"ಗಂಡು ಮಾತ್ರ ಹಾಡೋದು. ಹೆಣ್ಣನ್ನ ಕರೆಯೋಕೆ."

"ನಿನಗ್ಯಾರು ಹೇಳಿದ್ದು?"

"ಊಟದ ಡಬ್ಬಿ ತಂದಾಗ ಸಂಗ್ರಹಾಲಯದಲ್ಲಿ ನಿಮಗೆ ಕಾಯ್ತಾ ಕೂರ್ತೀನಲ್ಲ, ಆ ಗೋಡೆ ಮೇಲಿದೆ. ನಿಮ್ಮದೇ ಅಕ್ಷರ."

ಬರೆದಿದ್ದೆ, ಓದಿರಲಿಲ್ಲ.

ಎರಡು ವಾರದಲ್ಲಿ ಕುಂಡದ ತುಂಬ ಇರುವೆ ಗಾತ್ರದ ಮರಿಗಳು. ಏಳೆಂಟು ಸಲ ಪೊರೆ ಕಳಚಿ, ರೆಕ್ಕೆ ಬಂದ ಮೇಲಷ್ಟೇ ಅವುಗಳಿಗೆ ದನಿಯಂತೆ. (ಈ ಸಲ ಗೋಡೆ ಓದಿಕೊಂಡು ಬಂದಿದ್ದೆ.)

"ಅಲ್ಲೀವರೆಗೆ ನೀವೇ ಏನಾದ್ರೂ ಮಾತಾಡಿ," ಎಂದಳು ಕುಂಡದ ಪಕ್ಕ ಕುಳಿತು. "ಸಂಜೆ ಹೊತ್ತು ಮನೇಲಿ ಒಂದು ದನಿ ಇದ್ರೆ ಸಾಕು ನನಗೆ. ಅದಕ್ಕೇ ಅಲ್ವಾ ಆ ಹುಳಾನ ಸಾಕ್ಕೊಂಡಿದ್ದು."

ಪತ್ರಿಕೆ ಮಡಿಸಿಟ್ಟೆ. ಅವಳ ಎದುರು ಕುಳಿತು ಗಂಟಲು ಸರಿಮಾಡಿಕೊಂಡೆ. ಹೇಳದೆ ಉಳಿದದ್ದು ವರ್ಷಗಟ್ಟಲೆಯದಿತ್ತು. ಬಾಯಿಗೆ ಬಂದದ್ದು ಮಾತ್ರ ಹೀಗೆ: "ಆರ್ಥಾಪ್ಟೆರಾ ಗಣ. ಇದರಲ್ಲಿ ಪಂಗಡ ಎರಡು. ಉದ್ದ ಮೀಸೆಯವು ಚಿಮ್ಮಂಡೆ ಮುಂತಾದವು, ಗಿಡ್ಡ ಮೀಸೆಯವು ಮಿಡತೆ ಮುಂತಾದವು..."

ಅವಳು ಎದ್ದು ಹೋಗಿ ಒಂದು ದಪ್ಪ ಬಟ್ಟೆ ತಂದು ಕುಂಡಕ್ಕೆ ಹೊದಿಸಿದಳು.

"ಯಾಕೆ?" ಎಂದೆ.

"ಎಳೇ ಮಕ್ಕಳು ಕಣ್ರೀ. ಇದನ್ನೇ ಹಾಡು ಅಂತ ಕಲಿತುಬಿಟ್ರೆ?"