ಬೀಗರ ಊಟಕ್ಕೆ ಹೋದ ಮಗುವಿನ ಬ್ಯಾಗು

ಮಗುವಿನ ಬ್ಯಾಗು ಆರಿಸುವ ವಿದ್ಯೆಯಲ್ಲಿ ಇಡೀ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೇ ನನ್ನನ್ನು ಮೀರಿಸುವ ಗಂಡಸು ಹುಟ್ಟಿಲ್ಲ ಎಂದು ನಾನು ಘೋಷಿಸಿದ್ದು ಒಂದು ಭಾನುವಾರ ಬೆಳಿಗ್ಗೆ, ಉಪ್ಪಿಟ್ಟಿನ ತಟ್ಟೆಯ ಮುಂದೆ ಕೂತು. ಕೇಳಿಸಿಕೊಂಡವರು ಇಬ್ಬರು. ಎಂಟು ತಿಂಗಳ ಮಗಳು ಹರಿತಾ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಹೆಂಡತಿ ತನುಜ ನಗಲಿಲ್ಲ.

“ಬಸ್ ಸ್ಟ್ಯಾಂಡ್ ಹತ್ರದ ಅಂಗಡೀಲಿ ನಾನಾಗ್ಲೇ ನೋಡಿಟ್ಟಿದ್ದೀನಿ ಕಣ್ರೀ. ಹಾಲಿನ ಬಾಟ್ಲಿ ಬಿಸಿಯಾಗಿರಕ್ಕೆ ಒಂದು ಖಾನೆ, ಡಯಾಪರ್‌ಗೆ ಒಂದು, ಒದ್ದೆ ಬಟ್ಟೆಗೆ ಒಂದು. ಕೆಳಗೆ ಹಾಸಕ್ಕೆ ಮ್ಯಾಟ್ ಬೇರೆ ಕೊಡ್ತಾರೆ.”

“ಬೆಲೆ?”

ಹೇಳಿದಳು. ಉಪ್ಪಿಟ್ಟು ಗಂಟಲಲ್ಲಿ ನಿಂತಿತು!

“ಅಷ್ಟು ದುಡ್ಡಿಗೆ ಬ್ಯಾಗ್ ಜೊತೆ ಮಗೂನೂ ಕೊಡ್ತಾರಾ?” ಎಂದೆ, ನೀರು ಕುಡಿದು ಸುಧಾರಿಸಿಕೊಂಡ ಮೇಲೆ. “ನೀನು ಸುಮ್ನಿರು. ಇದನ್ನ ನನಗೆ ಬಿಡು. ಬಾಟ್ಲಿ ಬಿಸಿ ಇರ್ಬೇಕು, ಖಾನೆ ಇರ್ಬೇಕು, ಒದ್ದೆ ಆಚೆ ಬರಬಾರ್ದು. ಅಷ್ಟೇ ತಾನೆ?”

“ಅಷ್ಟೇ. ಇನ್ನೊಂದು ಮಾತು, ಮುಂದಿನ ವಾರ ನಮ್ಮೂರಲ್ಲಿ ರೂಪನ ಬೀಗರ ಊಟ. ನಮ್ಮಪ್ಪನ ಮನೆ ಬಾಗಿಲಲ್ಲಿ ನನ್ನ ಮಾನ ತೆಗೀಬೇಡಿ.”

ಈ ಮಾತಿಗೆ ಹಿನ್ನೆಲೆಯಿದೆ. ದಿಬ್ಬೂರಹಳ್ಳಿಯ ನನ್ನ ಮಾವನ ಮನೆಯಲ್ಲಿ ನನಗೆ ‘ಜುಗ್ಗ’ ಎಂಬ ಬಿರುದಿದೆ. ಮದುವೆಯಾದ ಹೊಸದರಲ್ಲಿ ಮಾವ ವೆಂಕಟರಾಯಪ್ಪನವರು ಒಂದು ಬುಟ್ಟಿ ಮಾವಿನಹಣ್ಣು ಕಳಿಸಿಕೊಟ್ಟಿದ್ದರು. ಪ್ರಾಮಾಣಿಕನಾದ ನಾನು ಖಾಲಿ ಬುಟ್ಟಿ ಹಿಂದಿರುಗಿಸಲು ಖುದ್ದಾಗಿ ಹೋದೆ. ಅವರು ಮರ್ಯಾದೆಗೆ ಮತ್ತೆ ತುಂಬಿಸಿ ಕೊಟ್ಟರು. ನಾನು ಮತ್ತೆ ಹಿಂದಿರುಗಿಸಲು ಹೋದೆ. ಇದರಲ್ಲಿ ತಪ್ಪೇನಿದೆಯೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆದರೆ ಬಿರುದು ನಿಂತುಬಿಟ್ಟಿತು. ನಾದಿನಿ ರೂಪಳ ಬೀಗರ ಊಟದಲ್ಲಿ, ಹೊಸ ಬೀಗರೆಲ್ಲರ ಎದುರಿಗೆ, ಅದನ್ನು ತೊಳೆದು ಹಾಕಬೇಕು ಎಂಬುದು ನನ್ನ ಶಪಥ. ನಾನು ಜುಗ್ಗನಲ್ಲ, ಜಾಣ!

ಜಾಣತನಕ್ಕೆ ಅವಕಾಶ ಪಕ್ಕದ ಮನೆಯಲ್ಲೇ ಕಾದಿತ್ತು. ಪಕ್ಕದ ಮನೆಯ ಮುನೇಶ್ ಮೊದಲು ಬೈಕಿನಲ್ಲಿ ಮನೆಮನೆಗೆ ಊಟ ತಲುಪಿಸುತ್ತಿದ್ದ. ಈಗ ಗೌರಿಬಿದನೂರಿನ ಕಡೆ ಫ್ಯಾಕ್ಟರಿ ಸೇರಿದ್ದಾನೆ. ಅವನು ಬೆನ್ನಿಗೆ ಹಾಕಿಕೊಳ್ಳುತ್ತಿದ್ದ ಚೌಕದ ದೊಡ್ಡ ಬ್ಯಾಗು ಮೂಲೆಯಲ್ಲಿ ಬಿದ್ದಿತ್ತು. ಜಿಪ್ ಎಳೆದು ನೋಡಿದೆ. ಆಹಾ! ಒಳಗೆಲ್ಲ ಬೆಳ್ಳಿ ಹಾಳೆ. ಬಿಸಿ ಆರುವುದಿಲ್ಲ, ತೊಟ್ಟು ಸೋರುವುದಿಲ್ಲ. ನಡುವೆ ಅಡ್ಡ ಹಲಗೆ, ಪಕ್ಕದಲ್ಲಿ ಖಾನೆ. ಒಂದೇ ಮಗುವೇನು, ಅವಳಿ ಜವಳಿಗೂ ಸಾಕು!

“ಎಷ್ಟಕ್ಕೆ ಕೊಡ್ತೀಯೋ?”

“ಹಂಗೇ ತಗೊಂಡೋಗಣ್ಣ. ಮನೇಲಿ ಜಾಗ ತಿಂತಾ ಅದೆ.”

ಬಜೆಟ್ಟಿನೊಳಗೆ ಬ್ಯಾಗು ಹುಡುಕಿದವರನ್ನು ನೀವು ಕಂಡಿರಬಹುದು. ಬಜೆಟ್ಟನ್ನು ಮುಟ್ಟದೆಯೇ ಬ್ಯಾಗು ತಂದವನು ನಾನೊಬ್ಬನೇ. ಸೋಪು ಹಾಕಿ ತಿಕ್ಕಿದೆ, ಬಿಸಿಲಿಗಿಟ್ಟೆ, ಕಂಪನಿಯ ಹೆಸರಿನ ಮೇಲೆ ಒಂದು ದೊಡ್ಡ ಕರಡಿಮರಿ ಸ್ಟಿಕ್ಕರ್ ಅಂಟಿಸಿದೆ. ತನುಜ ಹತ್ತಿರ ಬಂದು ಮೂಸಿದಳು.

“ರೀ, ಇದು ಬಿರಿಯಾನಿ ವಾಸನೆ ಹೊಡೀತಿದೆ.”

“ನಿನಗೆ ಹಸಿವಾಗಿದೆ ಕಣೇ.”

“ಇದನ್ನ ಹೊತ್ಕೊಂಡು ಬಾಡೂಟಕ್ಕೆ ಬರ್ತೀರಾ? ನೋಡಿದೋರು ಏನಂದ್ಕೊಂತಾರೆ ಅಂತ ಒಂದ್ಸಲ ಯೋಚ್ನೆ ಮಾಡಿ.”

“ಜವಾಬ್ದಾರಿ ಇರೋ ಅಪ್ಪ ಅಂದ್ಕೊಂತಾರೆ!”

ಅವಳು ಹಣೆ ಚಚ್ಚಿಕೊಂಡು ಒಳಗೆ ಹೋದಳು. ಅಲ್ಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು. ಆದರೆ ನಮ್ಮ ಸೀಮೆಯ ಬೀಗರ ಊಟವೆಂದರೆ ಏನು ಎಂಬುದು ಆ ಕ್ಷಣದಲ್ಲಿ ನನ್ನ ತಲೆಗೆ ಹೊಳೆಯಲೇ ಇಲ್ಲ. ಹೆಣ್ಣಿನ ಕಡೆಯವರು ಗಂಡಿನ ಕಡೆಯವರಿಗೆ ಕುರಿ ಕಡಿದು ಬಡಿಸುವ ಊಟ. ಬೀಗರ ಎಲೆಯಲ್ಲಿ ತುಂಡು ಕಡಿಮೆ ಬಿದ್ದರೆ ಮೊಮ್ಮಕ್ಕಳ ಕಾಲದವರೆಗೂ ಆ ಮಾತು ನಿಲ್ಲುತ್ತದೆ. ಇನ್ನು ನೆಂಟರ ವಿಷಯ. ಉಂಡು ಏಳುವಾಗ ಸೆರಗಿನ ಮರೆಯಲ್ಲೋ ಕೈಚೀಲದ ಮೂಲೆಯಲ್ಲೋ ಒಂದು ಸಣ್ಣ ಡಬ್ಬಿ ಸಾರು ಮನೆಗೆ ಸಾಗಿಸುವುದು ಎಲ್ಲರಿಗೂ ಗೊತ್ತಿರುವ, ಯಾರೂ ಬಾಯಿಬಿಡದ ಸಂಗತಿ. ಆದರೆ ಅದು ಸಣ್ಣ ಡಬ್ಬಿ!

ಸರ್ಕಾರಿ ಬಸ್ಸಿನಲ್ಲೇ ಅವಮಾನ ಶುರುವಾಯಿತು. ಹೆಂಡತಿಗೆ ಫ್ರೀ. ಮಗುವಿಗೆ ಫ್ರೀ. ಕಂಡಕ್ಟರು ಬ್ಯಾಗನ್ನು ಮೇಲಿಂದ ಕೆಳಗೆ ನೋಡಿ, “ಇದಕ್ಕೆ ಲಗೇಜ್ ಟಿಕೆಟ್ ತಗೊಳ್ಳಿ” ಎಂದ.

“ಇದು ಮಗುವಿನ ಬ್ಯಾಗು ಕಣ್ರೀ!”

“ಮಗು ಎಷ್ಟಿದೆ, ಬ್ಯಾಗ್ ಎಷ್ಟಿದೆ, ನೀವೇ ನೋಡಿ ಸಾರ್.”

ಟಿಕೆಟ್ ತೆಗೆದುಕೊಂಡೆ. ಶಿಡ್ಲಘಟ್ಟದಲ್ಲಿ ಬಸ್ಸು ಬದಲಿಸಲು ಇಳಿದಾಗ ಒಂದು ನಾಯಿ ನನ್ನ ಬೆನ್ನ ಹಿಂದೆಯೇ ಭಕ್ತಿಯಿಂದ ನಡೆದುಬಂತು. ತನುಜ ನಾಯಿಯನ್ನೂ ನೋಡಿದಳು, ನನ್ನನ್ನೂ ನೋಡಿದಳು.

ದಿಬ್ಬೂರಹಳ್ಳಿಯ ಶಾಮಿಯಾನದ ಬಾಗಿಲಲ್ಲೇ ತನುಜಳ ಅಜ್ಜಿ ಚಿಕ್ಕಮುನಿಯಮ್ಮ ಎದುರಾದರು. ನನ್ನ ಬೆನ್ನಿನ ಕಡೆ ನೋಡಿ ಬಾಯ ಮೇಲೆ ಕೈಯಿಟ್ಟುಕೊಂಡರು.

“ಏಂ ನಾಯ್ನಾ, ಇಂತ ಪೆದ್ದ ಬ್ಯಾಗ್ ತಂದಿದೀರಾ!”

ಅಜ್ಜಿಯದು ತೆಲುಗು ಬೆರೆತ ಕನ್ನಡ. ತೆಲುಗಿನಲ್ಲಿ ‘ನಾಯ್ನಾ’ ಎಂದರೆ ಅಪ್ಪಾ, ‘ಪೆದ್ದ’ ಎಂದರೆ ದೊಡ್ಡದು. ಕನ್ನಡದ ಅರ್ಥವನ್ನು ದೇವರು ನನಗಾಗಿ ಊಟದ ಹೊತ್ತಿನವರೆಗೆ ಎತ್ತಿಟ್ಟಿದ್ದ. ನಾನು ಉಬ್ಬಿಹೋದೆ.

“ಎಷ್ಟು ಹಿಡೀತದಪ್ಪಾ?”

“ಇಡೀ ದಿನಕ್ಕೆ ಆಗೋಷ್ಟು ಹಿಡಿಯುತ್ತೆ ಅಜ್ಜಿ!”

“ಬಿಸಿ ನಿಲ್ತದಾ?”

“ಚಿಕ್ಕಬಳ್ಳಾಪುರ ಸೇರೋವರ್ಗೂ ಆರಲ್ಲ!”

“ಚೆಲ್ಲಲ್ವಾ?”

“ಒಂದು ತೊಟ್ಟು ಆಚೆ ಬರಲ್ಲ!”

ಅಜ್ಜಿಯ ಕಣ್ಣು ತುಂಬಿತು. “ಹಾಲುಣಿಸೋ ಹುಡ್ಗಿ ಅಂತ ಎಷ್ಟು ಕಾಳಜಿ ಅಪ್ಪಾ ನಿಮ್ಗೆ! ಕೊಡಿ ಇತ್ಲಾಗೆ, ನಾನು ಒಳಗೆ ಇಡಿಸ್ತೀನಿ.”

ಕೊಟ್ಟೆ. ಜುಗ್ಗನೆಂಬ ಹೆಸರು ಅರ್ಧ ತೊಳೆದುಹೋಯಿತು ಎಂದುಕೊಂಡೆ. ಅಕ್ಕಪಕ್ಕದ ನೆಂಟರು ಒಬ್ಬರನ್ನೊಬ್ಬರು ನೋಡಿ ಮುಸಿಮುಸಿ ನಗುತ್ತಿದ್ದರು. ಅದನ್ನು ಮೆಚ್ಚುಗೆ ಎಂದು ತಿಳಿದು ನಾನೂ ನಕ್ಕೆ.

ಅಷ್ಟರಲ್ಲಿ ಗೌರಿಬಿದನೂರಿನ ಬೀಗರು ಬಂದಿಳಿದರು. ಬರುತ್ತೇವೆಂದದ್ದು ಒಂದು ಬಸ್ಸು. ಬಂದದ್ದು ಒಂದು ಬಸ್ಸು, ಅದರ ಹಿಂದೆ ಟೆಂಪೋಗಳು! ಮಾವನ ಮುಖ ಸಣ್ಣದಾಯಿತು. ಮೊದಲ ಪಂಕ್ತಿ ಹೇಗೋ ಎದ್ದಿತು. ರೂಪಳ ಮಾವ ಚೆನ್ನರಾಯಪ್ಪನವರು ದೊಡ್ಡ ಮನುಷ್ಯ. ತಮ್ಮವರೆಲ್ಲ ಉಂಡ ಮೇಲೇ ಉಣ್ಣುತ್ತೇನೆಂದು ಕಾದಿದ್ದು, ಗರಿಗರಿ ಬಿಳಿ ಪಂಚೆಯಲ್ಲಿ ಎರಡನೇ ಪಂಕ್ತಿಗೆ ಕೂತರು. ಹರಿತಾಳನ್ನು ಕಂಡು, “ಬಾರಮ್ಮಾ, ಬಾರಪ್ಪಾ” ಎಂದು ತೊಡೆಯ ಮೇಲೆ ಕೂರಿಸಿಕೊಂಡರು.

ಮುದ್ದೆ ಬಿತ್ತು. ಸಾರು ಬಂತು. ತುಂಡು ಬರಲಿಲ್ಲ.

ಮಾವ ಅಡುಗೆಯ ಆವುಲಪ್ಪನನ್ನು ಮೂಲೆಗೆ ಎಳೆದರು. ನಾನು ಪಕ್ಕದಲ್ಲೇ ಇದ್ದೆ.

“ಏನೋ ಇದು? ಎರಡನೇ ಪಂಕ್ತಿಗೇ ಅಂತ ತುಂಡು ಎತ್ತಿಡು ಅಂದಿರ್ಲಿಲ್ವಾ?”

“ಎತ್ತಿಟ್ಟಿದ್ದೆ ಅಣ್ಣ! ಬೇರೆ ಪಾತ್ರೇಲಿ ಇಟ್ಟಿದ್ದೆ. ತಿರುಗಿ ನೋಡೋ ಹೊತ್ಗೆ ಪಾತ್ರೆ ಖಾಲಿ!”

“ಬೀಗರ ಮುಂದೆ ನನ್ನ ತಲೆ ಹೋಯ್ತಲ್ಲೋ!”

ನನಗೂ ನಿಜವಾಗಿ ಸಂಕಟವಾಯಿತು. ಯಾವನಪ್ಪ ಆ ಕಳ್ಳ, ಕೈಗೆ ಸಿಗಲಿ ಎಂದು ಹಲ್ಲು ಕಡಿದೆ.

ಸರಿಯಾಗಿ ಆ ಹೊತ್ತಿಗೆ ನನ್ನ ಮಗಳು ತನ್ನ ಕೆಲಸ ಮಾಡಿದಳು. ನಮ್ಮ ಕಡೆ ಮನೆಯೊಳಗೆ ಮಕ್ಕಳಿಗೆ ಡಯಾಪರ್ ಹಾಕಿದರೆ ಅಜ್ಜಿಯರು ಬೈಯುತ್ತಾರೆಂದು ತನುಜ ಬಂದಕೂಡಲೇ ಬಿಚ್ಚಿದ್ದಳು. ಚೆನ್ನರಾಯಪ್ಪನವರ ಗರಿಗರಿ ಪಂಚೆ ನೋಡುನೋಡುತ್ತಲೇ ಗರಿ ಕಳೆದುಕೊಂಡಿತು. ತನುಜ ಓಡಿಬಂದು, “ರೀ, ಬಟ್ಟೆ! ಬೇಗ!” ಎಂದಳು.

ಇದೇ! ನನ್ನ ಬ್ಯಾಗು ಹುಟ್ಟಿದ್ದೇ ಈ ಗಳಿಗೆಗಾಗಿ! ನಾನು ಪಂಕ್ತಿಯ ನಡುವೆ ಬಂದು ನಿಂತು ಎದೆ ಉಬ್ಬಿಸಿ ಹೇಳಿದೆ: “ಯಾರೂ ಗಾಬರಿ ಆಗ್ಬೇಡಿ. ಎಲ್ಲ ವ್ಯವಸ್ಥೆ ಮಾಡ್ಕೊಂಡೇ ಬಂದಿದ್ದೀನಿ. ನನ್ನ ಬ್ಯಾಗ್ ತನ್ನಿ!”

ಬ್ಯಾಗು ಬಂತು. ಹೊತ್ತು ತಂದ ಆವುಲಪ್ಪ ಏದುಸಿರು ಬಿಡುತ್ತಿದ್ದ. ಒಂದಷ್ಟು ಬಟ್ಟೆಗೆ ಇವನು ಇಷ್ಟು ಸುಸ್ತಾಗುವುದೇ ಎಂದು ಮರುಕಪಟ್ಟೆ. ಬೀಗರೆಲ್ಲರಿಗೂ ಕಾಣುವಂತೆ ಬ್ಯಾಗನ್ನು ಚೆನ್ನರಾಯಪ್ಪನವರ ಎಲೆಯ ಮುಂದಿಟ್ಟು, ಜಾದೂಗಾರನಂತೆ ಜಿಪ್ ಎಳೆದೆ.

ಹಬೆ ಎದ್ದಿತು. ಹಬೆಯ ಜೊತೆ ಘಮ ಎದ್ದಿತು. ಹಬೆ ಸರಿದಾಗ ಕಂಡದ್ದು, ಸ್ಟೀಲು ಡಬ್ಬಿಗಳ ತುಂಬ, ಡಬ್ಬಿ ಸಾಲದೆ ಒಂದು ಕೊಳಗದ ತುಂಬ, ತುಂಡು! ಒಳ್ಳೊಳ್ಳೆಯ ತುಂಡು! ಮೇಲೆ ಬೆಚ್ಚಗೆ ಒಂದು ಬಾಳೆಎಲೆ ಹೊದಿಸಿತ್ತು.

“ಇಲ್ಲಿದೆ ಕಣ್ರಪ್ಪೋ ತುಂಡು!” ಎಂದು ಪಂಕ್ತಿಯ ತುದಿಯಿಂದ ಯಾರೋ ಕೂಗಿದರು.

ಮಾವ ನನ್ನನ್ನು ನೋಡಿದರು. ಆ ನೋಟದಲ್ಲಿ ಮಾವಿನಹಣ್ಣಿನ ಬುಟ್ಟಿ ಸ್ಪಷ್ಟವಾಗಿ ಕಾಣುತ್ತಿತ್ತು. ತನುಜ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

“ಇದು... ಇದು ನಾನಲ್ಲ... ಮಗುವಿನ ಬ್ಯಾಗು...”

ನನ್ನನ್ನು ಕಾಪಾಡಲು ಅಜ್ಜಿ ಓಡಿಬಂದರು. ಬರದಿದ್ದರೆ ಚೆನ್ನಾಗಿತ್ತು.

“ಅಳಿಯಂದ್ರನ್ನ ಏನೂ ಅನ್ಬೇಡಿ! ತುಂಬ್ಸಿದ್ದು ನಾನೇ. ಅವ್ರು ಬ್ಯಾಗ್ ತಂದಿದ್ದು ಮಾತ್ರ. ಎಷ್ಟು ಹಿಡೀತದೆ, ಎಷ್ಟೊತ್ತು ಬಿಸಿ ಇರ್ತದೆ, ಎಲ್ಲಾ ಅವ್ರೇ ಬಿಡ್ಸಿ ಹೇಳಿದ್ರು!”

ಶಾಮಿಯಾನ ಹಾರಿಹೋಗುವಂತೆ ನಗು ಎದ್ದಿತು. ಭೂಮಿ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೂ ಬ್ಯಾಗಿನ ಸಮೇತ ನಾನು ಅದರೊಳಗೆ ಹಿಡಿಸುತ್ತಿರಲಿಲ್ಲ.

ಚೆನ್ನರಾಯಪ್ಪನವರು ಮಾತ್ರ ನಗದೆ, ಒದ್ದೆ ಪಂಚೆಯಲ್ಲೇ ಕೂತು, ಕೈ ಚಾಚಿ ಡಬ್ಬಿಯಿಂದ ಒಂದು ತುಂಡು ಎತ್ತಿ ಬಾಯಿಗಿಟ್ಟುಕೊಂಡರು.

“ವೆಂಕಟರಾಯಪ್ನೋರೆ, ಮೊದಲ್ನೇ ಪಂಕ್ತಿಯೋರ್ಗೂ ಇಷ್ಟು ಬಿಸಿಯಾಗಿ ಸಿಕ್ಕಿರಲ್ಲ! ಇದೇನು ಕರಡಿಮರಿ ಹೋಟ್ಲಿಂದ ತರ್ಸಿದ್ರಾ?” ಎಂದರು ಸ್ಟಿಕ್ಕರ್ ನೋಡುತ್ತ. “ಬಡಿಸ್ರಯ್ಯಾ, ಎಲ್ಲಾರ್ಗೂ ಬಡಿಸಿ!”

ಮಾವನ ಮಾನ ಉಳಿಯಿತು. ನನ್ನ ಬ್ಯಾಗಿನಿಂದಲೇ ಇಡೀ ಪಂಕ್ತಿಗೆ ತುಂಡು ಬಿತ್ತು. ನನ್ನ ಎಲೆಯ ಹತ್ತಿರ ಬಂದಾಗ ಬಡಿಸುವವನು ಒಂದು ಕ್ಷಣ ನಿಂತು, “ನಿಮ್ಗೆ ಇಲ್ಲೇ ಹಾಕ್ಲಾ, ಪಾರ್ಸಲ್ಲಾ?” ಎಂದು ಕೇಳಿದ.

ಮಗುವಿನ ಬಟ್ಟೆಯ ಕತೆ ಕೇಳಬೇಡಿ. ಅಜ್ಜಿ ತೆಗೆದು ಪಕ್ಕಕ್ಕಿಟ್ಟಿದ್ದ ನ್ಯಾಪಿಗಳೆಲ್ಲ ಅಡುಗೆಯವರ ಕೈಯಲ್ಲಿ ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆಗಳಾಗಿದ್ದವು. ಡಯಾಪರ್ ಇದೆಯೇ ಎಂದು ಆವುಲಪ್ಪನನ್ನು ಕೇಳಿದೆ.

“ಆ ಬೆಳ್ಳಗೆ ಮೆತ್ತಗೆ ಇದ್ದಾವಲ್ಲ, ಅವಾ? ಸಾರು ಚೆಲ್ಲಿತ್ತಣ್ಣ, ಒರೆಸ್ದೆ. ಒಂದು ತೊಟ್ಟು ಬಿಡ್ದಂಗೆ ಹೀರ್ಕೊಂಡ್ಬಿಟ್ಟೋ! ಎಲ್ಲಿ ಸಿಗ್ತಾವಣ್ಣ ಇವು?”

ಕೊನೆಗೆ ಹರಿತಾ ಚೆನ್ನರಾಯಪ್ಪನವರ ಹೆಗಲ ಟವಲಿನಲ್ಲಿ ಸುತ್ತಿಕೊಂಡು ಊರಿಗೆ ಹೊರಟಳು. ಹಿಂದಿರುಗುವ ಬಸ್ಸಿನಲ್ಲಿ ತನುಜ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳು. ಖಾಲಿ ಬ್ಯಾಗಿಗೂ ಲಗೇಜ್ ಟಿಕೆಟ್ ತೆಗೆದುಕೊಂಡೆ. ಮಾರನೆಯ ದಿನ ಬಾಯಿ ಮುಚ್ಚಿಕೊಂಡು ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಗೆ ಹೋಗಿ, ಅವಳು ನೋಡಿಟ್ಟಿದ್ದ ಬ್ಯಾಗನ್ನೇ ತಂದುಕೊಟ್ಟೆ. ಚೌಕಾಸಿ ಕೂಡ ಮಾಡಲಿಲ್ಲ. ಅವಳು ಖಾನೆಗಳನ್ನು ಒಂದೊಂದಾಗಿ ತೆರೆದು ನೋಡಿ, “ಸಾರು ಎಷ್ಟು ಹಿಡಿಯುತ್ತೆ ಅಂತ ಕೇಳಿದ್ರಾ?” ಎಂದಳು.

ಸ್ವಲ್ಪ ದಿನ ಕಳೆದ ಮೇಲೆ ಚೆನ್ನರಾಯಪ್ಪನವರ ಫೋನು ಬಂತು. ಗೌರಿಬಿದನೂರಿನಲ್ಲಿ ಅವರ ಕಡೆಯಿಂದ ಬಾಡೂಟ, ತಪ್ಪದೇ ಬರಬೇಕಂತೆ. ಸಾಕ್ಷಾತ್ ಬೀಗರೇ ಕರೆಯುತ್ತಿದ್ದಾರೆ! ಹೋದ ಮಾನ ತಾನಾಗಿಯೇ ಬಾಗಿಲು ತಟ್ಟಿದಂತಾಯಿತು. ತನುಜಳಿಗೂ ಕೇಳಲೆಂದು ಸ್ಪೀಕರ್ ಹಾಕಿ, ಗಂಟಲು ಸರಿಮಾಡಿಕೊಂಡು, ಸ್ವಲ್ಪ ಬಿಗುಮಾನ ತೋರಿಸಿದೆ.

“ಬರ್ಬೋದಿತ್ತು ಸಾರ್. ಆದ್ರೆ ಮಗೂಗೆ ನೆಗಡಿ...”

“ಅಯ್ಯೋ, ಹಂಗಾದ್ರೆ ಮಗೂನ ಕರ್ಕೊಂಡು ಬರ್ಬೇಡಿ ಅಳಿಯಂದ್ರೆ. ತನುಜಮ್ಮನೂ ಮನೇಲೇ ಇರ್ಲಿ, ಪಾಪ.”

“ಸರಿ ಸಾರ್, ಹಾಗಾದ್ರೆ ನಾನೊಬ್ನೇ...”

“ನಿಮ್ಗೂ ಯಾಕೆ ತೊಂದ್ರೆ? ಬಸ್ಸಲ್ಲಿ ಹಾಕಿ ಆ ಬ್ಯಾಗ್ ಒಂದು ಕಳಿಸ್ಬಿಡಿ, ಸಾಕು.”