ದೊಮ್ಮಲೂರು ಕಚೇರಿಯ ಸ್ಟೀಲ್ ಲೋಟಗಳು

ಶ್ರೀನಿವಾಸಮೂರ್ತಿ ಶುದ್ಧ ಪುಕ್ಕಲ. ಮನೆಯಲ್ಲಿ ಹೆಂಡತಿ ಸೀತಾಲಕ್ಷ್ಮಿಗೆ, ದೊಮ್ಮಲೂರಿನ ವಿಮಾ ಕಚೇರಿಯಲ್ಲಿ ಮ್ಯಾನೇಜರ್ ಲಕ್ಷ್ಮಿಕಾಂತರಿಗೆ, ನಡುವೆ ಬಸ್ ಕಂಡಕ್ಟರನಿಗೆ. ಹೆದರುವುದರಲ್ಲಿ ಅವರು ಪಕ್ಷಪಾತ ಮಾಡಿದವರಲ್ಲ.

ಇಂಥವರಿಗೆ ಎರಡು ಸಾವಿರದ ನಾಲ್ಕರಲ್ಲಿ ಕಚೇರಿಯಿಂದ ಪ್ಲಾಸ್ಟಿಕ್ ಓಡಿಸುವ ಹುಚ್ಚು ಹಿಡಿಯಿತು. ಅಲ್ಲಿ ಎಲ್ಲರೂ ಕುಡಿಯುತ್ತಿದ್ದುದು ಬೈಟು ಕಾಫಿ. ಒಂದು ಕಾಫಿಗೆ ಎರಡು ಪ್ಲಾಸ್ಟಿಕ್ ಲೋಟ. ಕೈ ಸುಡುತ್ತದೆಂದು ಒಂದರೊಳಗೊಂದು ಸೇರಿಸಿ ನಾಲ್ಕು. ಕುಡಿದ ಮೇಲೆ ಎಲ್ಲ ಕಿಟಕಿಯಾಚೆಯ ಚರಂಡಿಗೆ. ಮಳೆ ಬಂದ ದಿನ ಚರಂಡಿ ಅವನ್ನು ಮೆಟ್ಟಿಲವರೆಗೆ ತಂದು ಸವಿನಯವಾಗಿ ಹಿಂದಿರುಗಿಸುತ್ತಿತ್ತು.

ಭಾಷಣ ಮಾಡುವ ಧೈರ್ಯ ಎಲ್ಲಿಂದ ಬರಬೇಕು? ಹೆಂಡತಿಗೆ ಹೇಳದೆ ಅಟ್ಟದ ಮೇಲಿದ್ದ ಸ್ಟೀಲ್ ಲೋಟಗಳನ್ನು ಚೀಲಕ್ಕೆ ತುಂಬಿ ತಂದು ಮೇಜಿಗೊಂದರಂತೆ ಇಟ್ಟರು. (ಮದುವೆ, ಮುಂಜಿಗಳಲ್ಲಿ ಉಡುಗೊರೆಯಾಗಿ ಬಂದವು, ಕೊಟ್ಟವರ ಹೆಸರು ಮೈಮೇಲೇ ಕೊರೆದಿತ್ತು.) ತಿಂಗಳೊಳಗೆ ಪ್ಲಾಸ್ಟಿಕ್ ನಿರ್ನಾಮ. ಲಕ್ಷ್ಮಿಕಾಂತರು ಇದು ತಮ್ಮದೇ ಯೋಜನೆಯೆಂದು ಮೇಲಿನವರಿಗೆ ವರದಿ ಮಾಡಿದರು. ಗೆಲುವಿನ ಗುಟ್ಟು ಮಾತ್ರ ವರದಿಯಲ್ಲಿರಲಿಲ್ಲ: ತೊಳೆಯಿರಿ ಎನ್ನಲು ಹೆದರಿ, ಮೂರ್ತಿಯವರು ಎಲ್ಲರ ಲೋಟವನ್ನೂ ತಾವೇ ತೊಳೆಯುತ್ತಿದ್ದರು.

ರಾಮನವಮಿಯ ಪಾನಕಕ್ಕೆ ಲೋಟ ತೆಗೆಯಲು ಹೋದ ಸೀತಾಲಕ್ಷ್ಮಿಗೆ ಅಟ್ಟ ಬರಿದಾಗಿದ್ದು ಕಂಡಿತು. ಗಂಡನ ಬಾಯಿ ಬಿಡಿಸಲು ಅರೆಗಳಿಗೆ ಸಾಕಾಯಿತು. ಮರುದಿನ ಚೀಲ ಹಿಡಿದು ಕಚೇರಿಗೇ ಬಂದರು. ಬಂದರೆ, ನಲ್ಲಿಯ ಮುಂದೆ ಅಂಗಿಯ ತೋಳು ಮಡಚಿ ಲೋಟ ತೊಳೆಯುತ್ತ ನಿಂತ ಗಂಡ.

“ಮನೇಲಿ ಕುಡಿದ ಲೋಟ ಎತ್ತಿಡೋಕೂ ಸೊಂಟನೋವು. ಇಲ್ಲಿ ಊರೋರ ಎಂಜಲು ತೊಳೀತಿದ್ದೀರಾ?”

“ಮೆತ್ತಗೆ ಕಣೇ. ನಾನು ಬಿಟ್ರೆ ನಾಳೆಯಿಂದ ಮತ್ತೆ ಪ್ಲಾಸ್ಟಿಕ್ ಬರತ್ತೆ.”

“ಅವರವರದು ಅವರವರು ತೊಳ್ಕೊಳ್ಳಲಿ. ಇಲ್ಲಾಂದ್ರೆ ನನ್ನ ಲೋಟ ನನ್ನ ಚೀಲಕ್ಕೆ. ಇವತ್ತಿಂದ ಮನೇ ಪಾತ್ರೆನೂ ನಿಮ್ಮದೇ.”

ಅಷ್ಟರಲ್ಲಿ ಲಕ್ಷ್ಮಿಕಾಂತರು ಎಂದಿನಂತೆ ಬಂದು, “ಮೂರ್ತಿ, ಇದೊಂದು,” ಎಂದು ತಮ್ಮ ಲೋಟ ಚಾಚಿದರು. ತೊಳೆದರೆ ಲೋಟಗಳು ಮನೆಗೆ, ಪ್ಲಾಸ್ಟಿಕ್ ಕಚೇರಿಗೆ. ತೊಳೆಯದಿದ್ದರೆ ಸಾಹೇಬರ ಕೋಪ. ಕಚೇರಿಯೆಲ್ಲ ಕೆಲಸ ಬಿಟ್ಟು ನೋಡುತ್ತಿತ್ತು.

ಮೂರ್ತಿಯವರು ಕೈ ಒರೆಸಿಕೊಂಡರು. “ಸಾರ್, ಸೋಪು ಅಲ್ಲಿದೆ. ನೀವೇ ತೊಳ್ಕೊಳ್ಳಿ.”

ಸಾಹೇಬರ ಕಿವಿ ಕೆಂಪಾಯಿತು. ಆದರೂ, ತಮ್ಮದೇ ಯೋಜನೆಯಲ್ಲವೇ, ನಲ್ಲಿಗೆ ಬಗ್ಗಿದರು. ಅವರ ಹಿಂದೆ ಒಬ್ಬೊಬ್ಬರೇ ಲೋಟ ಹಿಡಿದು ಸಾಲು ನಿಂತರು.

ಇದೆಲ್ಲ ಗಂಡನಿಗೆ ತನ್ನ ಮೇಲಿರುವ ಹೆದರಿಕೆಯ ಮಹಿಮೆಯೆಂದು ಸೀತಾಲಕ್ಷ್ಮಿ ಬೀಗಿದರು. ಕಚೇರಿಯ ಫ್ಲಾಸ್ಕಿನಿಂದ ಒಂದು ಲೋಟಕ್ಕೆ ಕಾಫಿ ಬಗ್ಗಿಸಿಕೊಂಡು ಆರಾಮವಾಗಿ ಕುಡಿದು, ಖಾಲಿ ಲೋಟವನ್ನು ಗಂಡನ ಕಡೆ ಚಾಚಿದರು.

ಮೂರ್ತಿಯವರು ಅದನ್ನು ಮುಟ್ಟಲಿಲ್ಲ. ಪಕ್ಕಕ್ಕೆ ಸರಿದು, ಸಾಲಿನ ಕೊನೆ ಎಲ್ಲಿದೆಯೆಂದು ಕೈ ತೋರಿಸಿದರು.